ಪ್ರತಿಬಿಂಬವೋ, ತುಲ್ಯದೇಹಿಯೋ?

ಪರರ ರೀತಿಯನ್ನು ಕಲಿತವರನ್ನೆಲ್ಲ ಅನುಕರಣಕಾರರೆಂದು ಹಳಿಯುವುದು ವಿಮರ್ಶೆಯಲ್ಲಿ ಅತಿ ಸುಲಭವಾದ ದಾರಿ. ಫ್ರಾನ್ಸಿನ ಚಿತ್ರಕಾರ ಆನ್ರಿ ರಿವಿಯೇರ್‌ನ (1864–1951) ಹಿಮದ ಚಿತ್ರವೊಂದನ್ನು ನೋಡಿದವರು ಆ ದಾರಿಯನ್ನು ಹಿಡಿಯಲಾರರು.

ಪ್ಯಾರಿಸಿನ ಐಫೆಲ್ ಗೋಪುರದ ಕೆಲಸ 1887ರಲ್ಲಿ ಮೊದಲಾಗಿ 1889ರಲ್ಲಿ ಮುಗಿಯಿತು. ಈ ಕಬ್ಬಿಣದ ಆಕೃತಿ ನಗರದ ಸೊಬಗನ್ನೇ ಕೆಡಿಸುವುದೆಂದು ಹೆಸರಾಂತ ಕಲಾವಿದರೂ ಸಾಹಿತಿಗಳೂ ಆಗಲೇ ಪತ್ರಿಕೆಯಲ್ಲಿ ಪ್ರತಿಭಟಿಸಿದ್ದರು. ರಿವಿಯೇರ್ ಕಂಡದ್ದು ಬೇರೆ. ಗೋಪುರವಿನ್ನೂ ಅರ್ಧಕ್ಕೆ ನಿಂತಿದ್ದಾಗ, ಹಿಮ ಸುರಿಯುವ ಹೊತ್ತಿನಲ್ಲಿ, ತ್ರೊಕದೆರೊ ದಿಬ್ಬದ ಕಡೆಯಿಂದ ತೋರುವ ನೋಟವನ್ನು ಅವನು ಮರದಚ್ಚಿನಲ್ಲಿ ಮೂಡಿಸಿದನು. ಇದಕ್ಕೆ ಪ್ರೇರಣೆ ಜಪಾನಿನ ಹೊಕುಸಾಯಿ 1830ರ ಸುಮಾರಿನಿಂದ ರಚಿಸಿದ ‘ಫ್ಯೂಜಿ ಪರ್ವತದ ಮೂವತ್ತಾರು ನೋಟಗಳು’ ಎಂಬ ಮಾಲೆ. (ಹೆಸರಿಗೆ ಮೂವತ್ತಾರು, ಕೊನೆಗೆ ಆದವು 46!)

ಜಪಾನಿನಲ್ಲಿ ಬರೆಯುವವನೊಬ್ಬ, ಹಲಗೆ ಕೆತ್ತುವವನೊಬ್ಬ, ಅಚ್ಚೊತ್ತುವವನು ಇನ್ನೊಬ್ಬ. ರಿವಿಯೇರ್ ಆ ದೇಶಕ್ಕೆ ಹೋದವನೇ ಅಲ್ಲ. ಏಕಲವ್ಯನಿಗೆ ಗುರುವಿನ ಮೂರ್ತಿಯಾದರೂ ಇದ್ದಿತು. ಇವನಿಗಿದ್ದುದು ಅಚ್ಚಾದ ಹಾಳೆಗಳು. ಅವನ್ನು ನೋಡಿ ನೋಡಿಯೇ ವಿದ್ಯೆಯನ್ನು ಸಾಧಿಸಿ, ಕೆತ್ತುವುದರಿಂದ ಒತ್ತುವವರೆಗಿನ ಕೆಲಸವನ್ನೆಲ್ಲ ತಾನೊಬ್ಬನೇ ಮಾಡಿದನು. ಈ ವಿದ್ಯೆಯಲ್ಲಿ ಬಣ್ಣಬಣ್ಣಕ್ಕೂ ಬೇರೆ ಹಲಗೆ ಬೇಕು. ಹಿಮದ ಬಿಳುಪಿಗೆ ಮಾತ್ರ ಬಣ್ಣ ಬೇಡ. ಕೆತ್ತಿ ತೆಗೆದ ಎಡೆಯಲ್ಲಿ ಮಸಿ ಸೋಕದೆ ಉಳಿದ ಕಾಗದವೇ ಹಿಮ. ಹೇಳದೆ ಉಳಿಸಿದ್ದೇ ಹೊಳೆಯುವ ಈ ಬಗೆಯನ್ನು ಕಾವ್ಯಜ್ಞರಿಗೆ ವಿವರಿಸಬೇಕಾಗಿಲ್ಲ.

ಇದು ಕಳವೇ? ಆನಂದವರ್ಧನನು ‘ಧ್ವನ್ಯಾಲೋಕ’ದ ನಾಲ್ಕನೆಯ ಉದ್ಯೋತದಲ್ಲಿ ಕವಿಗಳ ನಡುವಣ ಸಾಮ್ಯವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ: ಕನ್ನಡಿಯ ಪ್ರತಿಬಿಂಬದಂತೆ, ಬರೆದ ಪಟದಂತೆ, ಒಬ್ಬರನ್ನೊಬ್ಬರು ಹೋಲುವ ಇಬ್ಬರು ದೇಹಿಗಳಂತೆ. ಮೊದಲೆರಡು ತ್ಯಾಜ್ಯ, ಮೂರನೆಯದರಲ್ಲಿ ಬೇರೆ ಆತ್ಮವಿರುವುದರಿಂದ ಗ್ರಾಹ್ಯ. ರಿವಿಯೇರ್‌ನ ಚಿತ್ರ ಮೂರನೆಯ ಬಗೆಯದು. ಫ್ಯೂಜಿ ಅನಾದಿಯಾದ ಪರ್ವತ, ಹಿಮ ಅದರ ಸಹಜಾಭರಣ. ಇಲ್ಲಿಯಾದರೋ ನಿನ್ನೆ ಮೊನ್ನೆ ಎದ್ದ ಕಬ್ಬಿಣದ ಕಾಲುಗಳು. ಊರವರಿಗೇ ಬೇಡವಾದ ಆ ಹೊಸತನ್ನು ಹಿಮವು ಊರಿನದನ್ನಾಗಿ ಮಾಡಿಕೊಳ್ಳುತ್ತಿದೆ. ಹೊಕುಸಾಯಿಗೆ ಈ ಅರ್ಥ ಬೇಕಿರಲಿಲ್ಲ, ದೊರೆಯುವಂತೆಯೂ ಇರಲಿಲ್ಲ.

ಮೂವತ್ತಾರು ನೋಟಗಳನ್ನೂ ಮರದಲ್ಲಿಯೇ ಕೆತ್ತುವ ಸಂಕಲ್ಪ ಮಾತ್ರ ನೆರವೇರಲಿಲ್ಲ. 1902ರಲ್ಲಿ ಕಲ್ಲಚ್ಚಿನಲ್ಲಿ 500 ಪ್ರತಿಗಳ ಪುಸ್ತಕವಾಗಿ ಮಾಲೆ ಹೊರಬಂದಿತು. ಹಿಮದ ಆ ನೋಟ ಅದರಲ್ಲಿಯೂ ಇದೆ, ಅಂದವಾಗಿಯೂ ಇದೆ. ಉಳಿಯ ಗುರುತು ಮಾತ್ರ ಇಲ್ಲ.