ಮುಂಬೈಗೆ ಮನೆ ಸಾಗಿಸುವ ಮೊದಲು ಅಡುಗೆಮನೆಯ ಲೆಕ್ಕ ಕೇಳಿ

ನನ್ನ ತಂಗಿಯ ಸಂಸಾರ ಮುಂಬೈಗೆ ಹೋಗಿ ಹನ್ನೊಂದೇ ತಿಂಗಳಲ್ಲಿ ವಾಪಸ್ ಬಂತು. ಹೋಗುವಾಗ ಲಾರಿಯಲ್ಲಿ ಸಾಮಾನು, ಕಿವಿಯಲ್ಲಿ ಕತ್ತಿನಲ್ಲಿ ಬಂಗಾರ ಇತ್ತು. ಬರುವಾಗ ಸಾಮಾನು ಅರ್ಧ, ಬಂಗಾರ ಬ್ಯಾಂಕಿನಲ್ಲಿ ಅಡವು. ಆರನೇ ಕ್ಲಾಸಿನ ಮಗನಿಗೆ ಒಂದು ವರ್ಷ ಹಾಳು. ಊರಿನವರು ಕೇಳಿದ್ದು ಒಂದೇ ಪ್ರಶ್ನೆ: "ಸಂಬಳ ಒಳ್ಳೆಯದಿತ್ತಲ್ಲ, ಮತ್ತೆ ಎಂತ ಆಯ್ತು?"

ಸಂಬಳ ಒಳ್ಳೆಯದೇ ಇತ್ತು. ತಪ್ಪಿದ್ದು ಲೆಕ್ಕ. ಅದು ಅವರೊಬ್ಬರ ತಪ್ಪಲ್ಲ. ಈಗ ನಮ್ಮ ಎಷ್ಟೋ ಮನೆಗಳಲ್ಲಿ ಇದೇ ಮಾತುಕತೆ ನಡೆಯುತ್ತಾ ಇದೆ. ಗಲ್ಫ್‌ನಿಂದ ವಾಪಸ್ ಬಂದವರು, ಇಲ್ಲಿಯ ಅಂಗಡಿ ಕೆಲಸದಲ್ಲಿ ಸಾಕಾಗದವರು ಮುಂಬೈ, ಗೋವಾ, ಹೈದರಾಬಾದ್, ಕೊಚ್ಚಿ ಅಂತ ನೋಡುತ್ತಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬ್ಯಾರಿಗಳಿಗೆ ಮುಂಬೈ ಹೊಸದಲ್ಲ. ನಮ್ಮ ಅಜ್ಜಂದಿರ ಕಾಲದಿಂದಲೂ ಹೋಗುತ್ತಿದ್ದೇವೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗುವ ಮೊದಲು ಬಸ್ಸಿನಲ್ಲಿ ಸೊಂಟ ಮುರಿದುಕೊಂಡು ಹೋದವರಿದ್ದಾರೆ. ಆದರೆ ಹೋದವರು ಯಾರು? ಗಂಡಸರು. ಹತ್ತು ಜನ ಸೇರಿ ಒಂದು ರೂಮು, ಇಲ್ಲದಿದ್ದರೆ ಕೆಲಸ ಮಾಡುವ ಅಂಗಡಿಯಲ್ಲೇ ಮಲಗುವುದು, ಊಟ ಹೋಟೆಲಿನಲ್ಲಿ, ಉಳಿದದ್ದೆಲ್ಲ ಮನಿಯಾರ್ಡರ್. ಆಮೇಲೆ ಗಲ್ಫ್‌ಗೆ ಹೋದದ್ದೂ ಹಾಗೆಯೇ. ಹಾಗಾಗಿ ಮುಂಬೈಯ ಬಗ್ಗೆ ನಮಗಿರುವುದು ಒಂಟಿ ಗಂಡಸಿನ ಲೆಕ್ಕ. ಒಬ್ಬನನ್ನು ಕಳಿಸುವುದು ನಮಗೆ ಗೊತ್ತು, ಒಂದು ಮನೆಯನ್ನು ಕಳಿಸುವುದು ಗೊತ್ತಿಲ್ಲ.

ತಂಗಿಯ ಮನೆಯ ಲೆಕ್ಕವನ್ನೇ ಇಡುತ್ತೇನೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗಂಡನಿಗೆ ಇಲ್ಲಿ ಸಂಬಳ 21,000. ಮುಂಬೈಯಲ್ಲಿ ಮಸೀದಿ ಬಂದರ್ ಕಡೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ 36,000 ಸಿಗುತ್ತದೆ ಅಂತಾಯ್ತು. "ತಿಂಗಳಿಗೆ 15,000 ಜಾಸ್ತಿ" ಎಂದು ಎಲ್ಲರೂ ಖುಷಿಪಟ್ಟರು. ಮುಂಬ್ರಾದಲ್ಲಿ ಒಂದು ಬೆಡ್‌ರೂಮಿನ ಮನೆಗೆ ಬಾಡಿಗೆ 11,000. ಅದನ್ನು ಕಳೆದರೂ 4,000 ಲಾಭ, ಮಕ್ಕಳು ತಂದೆಯ ಜೊತೆಗಿರುತ್ತಾರೆ ಎಂದು ಹೊರಟರು.

ಆ ಲೆಕ್ಕದಲ್ಲಿ ತಂಗಿ ಎಲ್ಲಿದ್ದಾಳೆ? ಅವಳು ಬೀಡಿ ಕಟ್ಟಿ ತಿಂಗಳಿಗೆ ಸುಮಾರು 3,000 ತರುತ್ತಿದ್ದಳು. ಗೃಹಲಕ್ಷ್ಮಿಯ 2,000 ಅವಳ ಖಾತೆಗೆ ಬರುತ್ತಿತ್ತು. ಎರಡೂ ಸೇರಿದರೆ ಈ ಮನೆಯ ಆದಾಯ 21,000 ಅಲ್ಲ, 26,000. ಮುಂಬ್ರಾದಲ್ಲಿ ಬೀಡಿ ಬ್ರಾಂಚ್ ಇಲ್ಲ, ಎಲೆ ಕೊಡುವವರಿಲ್ಲ, ಪಿಎಫ್ ಕೂಡ ಅಲ್ಲಿಗೇ ನಿಂತಿತು. ಗೃಹಲಕ್ಷ್ಮಿ ಕರ್ನಾಟಕದ ರೇಷನ್ ಕಾರ್ಡಿಗೆ ಸೇರಿದ್ದು. ಅಂದರೆ ಜಾಸ್ತಿಯಾದದ್ದು 15,000 ಅಲ್ಲ, 10,000. ಬಾಡಿಗೆ 11,000. ಅಲ್ಲಿ ಒಲೆ ಹೊತ್ತಿಸುವ ಮೊದಲೇ 1,000 ರೂಪಾಯಿ ನಷ್ಟ.

ಮತ್ತೆ ಒಲೆ ಹೊತ್ತಿತು. ಇಲ್ಲಿ ಕರೆಂಟಿನ ಬಿಲ್ಲು ಗೃಹಜ್ಯೋತಿಯಲ್ಲಿ ಸೊನ್ನೆ ಬರುತ್ತಿತ್ತು, ಅಲ್ಲಿ 1,400. ಇಲ್ಲಿ ಬಾವಿ ಇತ್ತು, ಹಿತ್ತಿಲಲ್ಲಿ ಎರಡು ತೆಂಗು, ಒಂದು ಹಲಸು, ನುಗ್ಗೆ, ಬಸಳೆ ಇತ್ತು. ರೇಷನ್ನಿನ ಬೆಳ್ತಿಗೆ ಅಕ್ಕಿ ದೋಸೆಗೂ ಪತ್ತಿರ್‌ಗೂ ಆಗುತ್ತಿತ್ತು. ಅಲ್ಲಿ ಕುಡಿಯುವ ನೀರಿನ ಕ್ಯಾನಿನಿಂದ ಹಿಡಿದು ತೆಂಗಿನಕಾಯಿ, ಕರಿಬೇವಿನವರೆಗೆ ಎಲ್ಲದಕ್ಕೂ ಹಣ. ಕುಚ್ಚಲಕ್ಕಿ ಸಿಗುತ್ತದೆ, ಆದರೆ ದುಬಾರಿ. ವಾರಕ್ಕೆ ನಾಲ್ಕು ದಿನ ಬೂತಾಯಿಯೋ ಬಂಗುಡೆಯೋ ತಿಂದು ಬೆಳೆದ ಮಕ್ಕಳಿಗೆ ಮೀನಿಲ್ಲದೆ ಊಟ ಇಳಿಯುವುದಿಲ್ಲ. ಇದೆಲ್ಲ ಸೇರಿ ತಿಂಗಳಿಗೆ 3,000 ಜಾಸ್ತಿ. ಮಕ್ಕಳ ಟ್ಯೂಷನ್‌ಗೆ 1,500.

ಊರಿನಲ್ಲಿ 26,000 ಬಂದು 22,000 ಖರ್ಚಾಗಿ 4,000 ಉಳಿಯುತ್ತಿತ್ತು. ಮುಂಬ್ರಾದಲ್ಲಿ 36,000 ಬಂದು 38,900 ಖರ್ಚಾಯಿತು. ಪ್ರತಿ ತಿಂಗಳು 2,900 ಕೊರತೆ. ಗಂಡನ ಓಡಾಟದ ಖರ್ಚು ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಲೋಕಲ್ ರೈಲಿನ ಪಾಸ್ ಅಗ್ಗ, ಆದರೆ ಮನೆಯಿಂದ ಸ್ಟೇಷನ್‌ಗೆ ಆಟೋ ಬೇಕು. ಅಲ್ಲಿ ಹೋದದ್ದು ಹಣವಲ್ಲ, ದಿನಕ್ಕೆ ಮೂರು ಗಂಟೆ. ಮಕ್ಕಳ ಜೊತೆ ಇರಲೆಂದು ಸಂಸಾರ ಕರೆದುಕೊಂಡು ಹೋದವರು ಮನೆಗೆ ಬರುವಾಗ ಮಕ್ಕಳು ಮಲಗಿರುತ್ತಿದ್ದರು.

ಇದು ತಿಂಗಳ ಮಾತಾಯ್ತು. ಮೊದಲ ದಿನವೇ ಕೈಬಿಟ್ಟದ್ದು ಬೇರೆ. ಡೆಪಾಸಿಟ್ 50,000, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ 11,000, ಲಾರಿಗೆ 18,000, ಶಾಲೆಯ ಅಡ್ಮಿಷನ್‌ಗೆ 25,000, ಫ್ಯಾನು, ಒಲೆ, ನೀರಿನ ಡ್ರಮ್ಮು ಅಂತ 10,000. ಒಟ್ಟು 1,14,000. ಇದಕ್ಕೇ ಬಂಗಾರ ಹೋದದ್ದು. ಬಡ್ಡಿ ಹರಾಮ್ ಎಂದು ಜುಮಾದಲ್ಲಿ ಕೇಳಿಸಿಕೊಂಡು ಬಂದು ಸೋಮವಾರ ಬ್ಯಾಂಕಿನ ಎದುರು ಮಹರ್‌ನ ಬಂಗಾರ ಹಿಡಿದು ನಿಲ್ಲುವ ಸ್ಥಿತಿ ನಮ್ಮಲ್ಲಿ ಎಷ್ಟು ಮನೆಗಳಿಗಿಲ್ಲ? ಮೊದಲೇ ಲೆಕ್ಕ ಹಾಕಿದ್ದರೆ ಆರು ತಿಂಗಳು ತಡೆದು, ಕೂಡಿಟ್ಟು ಹೋಗಬಹುದಿತ್ತು.

ಮಹಾರಾಷ್ಟ್ರದಲ್ಲಿ ಬಾಡಿಗೆ ಮನೆಗೆ ಸಾಮಾನ್ಯವಾಗಿ 11 ತಿಂಗಳ 'ಲೀವ್ ಆ್ಯಂಡ್ ಲೈಸೆನ್ಸ್' ಕರಾರು. ಅದನ್ನು ನೋಂದಣಿ ಮಾಡಿಸಬೇಕೆಂದು ಅಲ್ಲಿನ ಕಾನೂನೇ ಹೇಳುತ್ತದೆ. ಬಾಯಿಮಾತಿನ ಮೇಲೆ ಡೆಪಾಸಿಟ್ ಕೊಡಬೇಡಿ. ಕರಾರು ಮುಗಿದಾಗ ಬಾಡಿಗೆ ಏರುತ್ತದೆ, ಮನೆ ಬದಲಿಸಿದರೆ ಬ್ರೋಕರ್‌ಗೆ ಮತ್ತೆ ಕೊಡಬೇಕು. ಹಾಗಾಗಿ ಬಾಡಿಗೆಯನ್ನು ಹನ್ನೆರಡರಿಂದಲ್ಲ, ಹದಿಮೂರರಿಂದ ಗುಣಿಸಿ ವರ್ಷದ ಖರ್ಚು ಬರೆದುಕೊಳ್ಳಿ. ಇನ್ನೊಂದು ಕಹಿ ಸತ್ಯ: ಹೆಸರು ಕೇಳಿದ ಕೂಡಲೇ "ಮನೆ ಖಾಲಿ ಇಲ್ಲ" ಎನ್ನುವ ಸೊಸೈಟಿಗಳು ಅಲ್ಲಿ ಉಂಟು. ಆಯ್ಕೆ ಮುಂಬ್ರಾ, ಕುರ್ಲಾ, ಮೀರಾ ರೋಡ್ ಹೀಗೆ ಕೆಲವೇ ಕಡೆಗೆ ಇಳಿಯುತ್ತದೆ. ಕೆಲಸದ ಜಾಗ ಎಲ್ಲೋ, ಮನೆ ಎಲ್ಲೋ. ಈ ದೂರವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ರೇಷನ್ ಬಗ್ಗೆ ಹಲವರಿಗೆ ತಪ್ಪು ತಿಳುವಳಿಕೆ ಉಂಟು. 'ಒಂದು ದೇಶ ಒಂದು ರೇಷನ್ ಕಾರ್ಡ್' ಇರುವುದರಿಂದ ನಮ್ಮ ಬಿಪಿಎಲ್ ಕಾರ್ಡಿನಲ್ಲಿ ಬೇರೆ ರಾಜ್ಯದಲ್ಲೂ ಧಾನ್ಯ ಸಿಗುತ್ತದೆ, ನಿಜ. ಆದರೆ ಸಿಗುವುದು ಕೇಂದ್ರದ ಪಾಲು, ತಲೆಗೆ 5 ಕೆಜಿ ಮಾತ್ರ. ಕರ್ನಾಟಕ ತನ್ನ ಕಡೆಯಿಂದ ಸೇರಿಸಿ ಕೊಡುವುದು ಅಲ್ಲಿ ಇಲ್ಲ. ಮಹಾರಾಷ್ಟ್ರದಲ್ಲೂ ಹೆಂಗಸರಿಗೆ ತಿಂಗಳಿಗೆ 1,500 ಕೊಡುವ ಯೋಜನೆ 2024ರಲ್ಲಿ ಬಂದಿದೆ, ಆದರೆ ಅದಕ್ಕೆ ಅಲ್ಲಿನ ಕಾಯಂ ನಿವಾಸಿ ಎಂಬ ದಾಖಲೆ ಬೇಕು. ಹೊಸದಾಗಿ ಹೋದವರು ಅದನ್ನು ನಂಬಿ ಕೂರಬಾರದು. ಸ್ಕೂಟರ್ ತೆಗೆದುಕೊಂಡು ಹೋಗುವವರಿಗೂ ಒಂದು ಮಾತು: ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿ ಮರು ನೋಂದಣಿ ಆಗಬೇಕು, ಅಲ್ಲಿನ ತೆರಿಗೆ ಕಟ್ಟಬೇಕು.

ಎಲ್ಲಕ್ಕಿಂತ ದೊಡ್ಡ ಲೆಕ್ಕ ಮಕ್ಕಳದು. ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ, 2020ರಲ್ಲಿ ಅದಕ್ಕೆ ಕಾನೂನೇ ಆಗಿದೆ. ಒಂದನೇ ಕ್ಲಾಸಿಗೆ ಹೋಗುವ ಮಗು ಕಲಿತುಕೊಳ್ಳುತ್ತದೆ, ಆರನೇ ಕ್ಲಾಸಿನ ಹುಡುಗ ಒದ್ದಾಡುತ್ತಾನೆ. ನಮ್ಮೂರಿನಲ್ಲಿ ಬೆಳಗ್ಗೆ ಮದ್ರಸ, ಆಮೇಲೆ ಶಾಲೆ. ಇಲ್ಲಿ ಅರಬಿ ಮಲಯಾಳಂನಲ್ಲೋ ಕನ್ನಡದಲ್ಲೋ ಕಲಿತ ಹುಡುಗನಿಗೆ ಅಲ್ಲಿ ಉಸ್ತಾದರು ಉರ್ದುವಿನಲ್ಲಿ ಹೇಳುವಾಗ ಏನೂ ಹತ್ತುವುದಿಲ್ಲ. ತಂಗಿಯ ಮಗ ಎರಡು ತಿಂಗಳು ಮದ್ರಸಕ್ಕೆ ಹೋಗಿ ನಿಲ್ಲಿಸಿಬಿಟ್ಟ. ಇದಕ್ಕೆ ಬೆಲೆ ಕಟ್ಟುವುದು ಹೇಗೆ?

ದೊಡ್ಡ ಮಕ್ಕಳಿರುವವರು ಇನ್ನೊಂದನ್ನು ತಿಳಿದಿರಬೇಕು. ಕರ್ನಾಟಕದ ಸಿಇಟಿಯಲ್ಲಿ ಸರಕಾರಿ ಕೋಟಾದ ಸೀಟು ಬೇಕಾದರೆ ಸಾಮಾನ್ಯ ನಿಯಮದಂತೆ ಮಗು ಒಂದರಿಂದ ದ್ವಿತೀಯ ಪಿಯುಸಿಯ ಒಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸೆಸೆಲ್ಸಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲೇ ಪಾಸಾಗಿರಬೇಕು. ನಮ್ಮ 2ಬಿ ಸರ್ಟಿಫಿಕೇಟ್‌ಗೆ ಬೆಲೆ ಇರುವುದೂ ಕರ್ನಾಟಕದಲ್ಲೇ. ನಾಲ್ಕನೇ ಕ್ಲಾಸಿಗೆ ಊರು ಬಿಟ್ಟು ಹತ್ತು, ಹನ್ನೆರಡು ಹೊರಗೆ ಮುಗಿಸಿದ ಮಗುವಿಗೆ ಇಲ್ಲಿಯ ಬಾಗಿಲು ಮುಚ್ಚಬಹುದು, ಅಲ್ಲಿಯದು ತೆರೆಯದಿರಬಹುದು. ಹೊರಡುವ ಮುಂಚೆ ಶಾಲೆಯ ಹೆಡ್‌ಮಾಸ್ಟರ ಹತ್ತಿರ, ಕಾಲೇಜಿನವರ ಹತ್ತಿರ ವಿಚಾರಿಸಿ. ವರ್ಷದ ನಡುವೆ ಟಿಸಿ ತೆಗೆಯಬೇಡಿ.

ಇನ್ನು ಯಾರೂ ಬರೆಯದ ಖರ್ಚು, ಊರಿಗೆ ಬರುವುದು. ಪೆರ್ನಾಲ್‌ಗೆ ಒಮ್ಮೆ, ಮದುವೆಗೆ ಒಮ್ಮೆ ನಾಲ್ಕೈದು ಜನ ಬರಬೇಕು. ಮತ್ಸ್ಯಗಂಧದಲ್ಲಿ ಸೀಟು ಮೊದಲೇ ಮಾಡಿದರೆ ಸರಿ. ಆದರೆ ಮರಣ ಸುದ್ದಿ ಮುಂಚೆ ಹೇಳಿ ಬರುವುದಿಲ್ಲ. ಉಮ್ಮನಿಗೆ ಹುಷಾರಿಲ್ಲ ಅಂತ ರಾತ್ರಿ ಫೋನ್ ಬಂದರೆ ಸಿಕ್ಕ ಬಸ್ಸು, ಸಿಕ್ಕ ವಿಮಾನ, ಕೇಳಿದಷ್ಟು ಹಣ. ನಮ್ಮಲ್ಲಿ ಮಯ್ಯಿತ್ ಕಾಯಿಸುವುದಿಲ್ಲ. ಇದಕ್ಕೆಂದು ಸ್ವಲ್ಪ ಹಣ ಬೇರೆಯೇ ಎತ್ತಿಡದೆ ಊರು ಬಿಟ್ಟು ಹೋಗಬಾರದು. ಹಾಗೆ ಎತ್ತಿಡದ ಕಾರಣ ಉಮ್ಮನ ಮುಖ ನೋಡಲು ಆಗದವರ ದುಃಖ ನಾನು ನೋಡಿದ್ದೇನೆ.

"ರಿಜ್ಕ್ ಕೊಡುವವನು ಅಲ್ಲಾಹು, ಇಷ್ಟೆಲ್ಲ ಲೆಕ್ಕ ಯಾಕೆ ಮಾರಾಯ್ರೇ?" ಎಂದು ಕೇಳುವವರಿದ್ದಾರೆ. ಯೂಸುಫ್ ನಬಿಯವರ ಚರಿತ್ರೆ ನಮಗೆಲ್ಲ ಗೊತ್ತು. ಬರುವ ಏಳು ವರ್ಷದ ಬರಕ್ಕೆ ಮೊದಲ ಏಳು ವರ್ಷದ ಬೆಳೆಯಲ್ಲೇ ಧಾನ್ಯ ಎತ್ತಿಡಿಸಿದವರು ಅವರು. ಲೆಕ್ಕ ಹಾಕಿದ್ದರಿಂದ ಅವರ ತವಕ್ಕುಲ್ ಕಡಿಮೆ ಆಯಿತೇ? ಲೆಕ್ಕ ಇಲ್ಲದೆ ಹೋಗಿ ಸಾಲ ಮಾಡಿ, ಬಡ್ಡಿಗೆ ಬಿದ್ದು, ಆಮೇಲೆ ಅಲ್ಲಾಹನ ವಿಧಿ ಎಂದು ಹೇಳುವುದು ತವಕ್ಕುಲ್ ಅಲ್ಲ, ಅಸಡ್ಡೆ.

ಹಾಗಂತ ಯಾರೂ ಹೋಗಬಾರದು ಎಂದು ನಾನು ಹೇಳುತ್ತಿಲ್ಲ. ತಂದೆಯನ್ನು ಎರಡು ವರ್ಷಕ್ಕೊಮ್ಮೆ ನೋಡಿ ಬೆಳೆದ ಮಕ್ಕಳು ನಮ್ಮಲ್ಲಿ ಎಷ್ಟಿಲ್ಲ? ಅದಕ್ಕೂ ಬೆಲೆ ಉಂಟು. ಕೈಯಲ್ಲಿ ಕಡಿಮೆ ಉಳಿದರೂ ಸರಿ, ಒಟ್ಟಿಗಿರುತ್ತೇವೆ ಎಂದು ತಿಳಿದೇ ನಿರ್ಧರಿಸಿದರೆ ಅದು ಒಳ್ಳೆಯ ನಿರ್ಧಾರ. ತಿಳಿಯದೆ ಹೋಗಿ, ಆರನೇ ತಿಂಗಳಲ್ಲಿ ಗಂಡ ಹೆಂಡತಿ "ನಿನ್ನಿಂದ, ನಿಮ್ಮಿಂದ" ಎಂದು ಜಗಳಾಡುವಂತಾಗಬಾರದು, ಅಷ್ಟೇ.

ಮಾಡಬೇಕಾದದ್ದು ಕಷ್ಟವೇನಲ್ಲ. ಹೊರಡುವ ಮೊದಲು ಒಂದು ಪೂರ್ತಿ ತಿಂಗಳು ಮನೆಯ ಹೆಂಗಸು ಒಂದು ನೋಟ್‌ಬುಕ್‌ನಲ್ಲಿ ಬರೆಯಲಿ. ಒಂದು ಕಡೆ ಹಣ ಕೊಟ್ಟು ತಂದದ್ದು. ಇನ್ನೊಂದು ಕಡೆ ಹಣ ಕೊಡದೆ ಬಂದದ್ದು: ಬಾವಿಯ ನೀರು, ಹಿತ್ತಿಲ ಕಾಯಿ, ರೇಷನ್ ಅಕ್ಕಿ, ಸೊನ್ನೆ ಬಿಲ್ಲಿನ ಕರೆಂಟು, ಮಗುವನ್ನು ನೋಡಿಕೊಂಡ ಮಾಮಿ. ಮೂರನೆಯದು ಇಲ್ಲಿ ಇಲ್ಲದ, ಅಲ್ಲಿ ಹೊಸದಾಗಿ ಬರುವ ಖರ್ಚು. ಎರಡನೆಯ ಮತ್ತು ಮೂರನೆಯ ಸಾಲಿಗೆ ಅಲ್ಲಿನ ರೇಟು ಹಾಕಿ. ಆ ರೇಟನ್ನು ರೂಮಿನಲ್ಲಿರುವ ಗಂಡಸರ ಹತ್ತಿರ ಕೇಳಬೇಡಿ, ಅಲ್ಲಿ ಸಂಸಾರ ಮಾಡುತ್ತಿರುವ ಹೆಂಗಸಿಗೆ ನಿಮ್ಮ ಮನೆಯ ಹೆಂಗಸೇ ಫೋನ್ ಮಾಡಿ ಕೇಳಲಿ. ಹಾಲು ಎಷ್ಟು, ನೀರು ದಿನಕ್ಕೆ ಎಷ್ಟು ಹೊತ್ತು ಬರುತ್ತದೆ, ಶಾಲೆಗೆ ರಿಕ್ಷಾ ಎಷ್ಟು ಎಂದು ಅವರಿಗೇ ಗೊತ್ತಿರುವುದು. ಸಂಬಳ ಎಂದರೆ ಕೈಗೆ ಬರುವುದನ್ನು ಮಾತ್ರ ಬರೆಯಿರಿ. ಸಾಧ್ಯವಾದರೆ ಗಂಡ ಮೊದಲು ಮೂರು ತಿಂಗಳು ಒಬ್ಬನೇ ಇದ್ದು ನೋಡಲಿ, ಹೆಂಡತಿ ಒಂದು ವಾರ ಹೋಗಿ ಮನೆ ನೋಡಿ ಬರಲಿ. ಡೆಪಾಸಿಟ್, ಲಾರಿ, ಅಡ್ಮಿಷನ್‌ನ ಹಣ ಮತ್ತು ಮೂರು ತಿಂಗಳ ಖರ್ಚು ಸಾಲವಿಲ್ಲದೆ ಕೈಯಲ್ಲಿದ್ದಾಗ, ಮೇ ತಿಂಗಳ ರಜೆಯಲ್ಲಿ ಹೊರಡಿ.

ನಮ್ಮ ಜಮಾಅತ್ ಕಮಿಟಿಗಳಿಗೂ ಒಂದು ವಿನಂತಿ. ಮದುವೆಗೆ, ಮನೆ ಕಟ್ಟಲು ಸಹಾಯ ಮಾಡುತ್ತೀರಿ, ಒಳ್ಳೆಯದು. ಊರು ಬಿಡುವ ಸಂಸಾರಕ್ಕೆ ಆ ಊರಿನಲ್ಲಿರುವ ನಮ್ಮವರ ಪರಿಚಯ ಮಾಡಿಕೊಡಿ, ಡೆಪಾಸಿಟ್‌ಗೆ ಬಡ್ಡಿ ಇಲ್ಲದೆ ಒಂದಿಷ್ಟು ಸಾಲ ಕೊಡುವ ವ್ಯವಸ್ಥೆ ಮಾಡಿ. ಡೆಪಾಸಿಟ್ ವಾಪಸ್ ಬರುವ ಹಣ, ಜಮಾಅತ್‌ಗೂ ಅದು ಮರಳುತ್ತದೆ.

ತಂಗಿಯ ಗಂಡ ಈಗಲೂ ಮುಂಬೈಯಲ್ಲೇ, ನಾಲ್ವರ ಜೊತೆ ರೂಮಿನಲ್ಲಿದ್ದಾರೆ. ಬಂಗಾರ ಬಿಡಿಸಿಕೊಂಡ ಮೇಲೆ ಇನ್ನೊಮ್ಮೆ ಸಂಸಾರ ಕರೆದುಕೊಂಡು ಹೋಗುವ ಆಸೆ ಉಂಟು. ಮೊನ್ನೆ ಅವಳನ್ನು ಕೇಳಿದೆ, "ಹೋಗ್ತೀಯಾ?" ಅಂತ. "ನೋಡುವ ಕಾಕ, ಮೊದಲು ಬರೆದು ನೋಡುತ್ತೇನೆ" ಅಂದಳು. ಈ ಸಲ ನೋಟ್‌ಬುಕ್ ಅವಳ ಕೈಯಲ್ಲೇ ಇದೆ.