ಅಳಲಿ ಬಿಡಿ, ಟಿಕೆಟ್ ಬೇಡ

ಆನ್‌ಸೈಟ್ ಅಂತ ಅಮೆರಿಕಕ್ಕೆ ಹೋದವರಲ್ಲಿ ಎಷ್ಟೋ ಜನ ಆರ್ಲಾಂಡೊದ ಸೀವರ್ಲ್ಡ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗ್ತಾರೆ. ಕೇಳಿದರೆ, 'ಮಕ್ಕಳು ಏನಾದ್ರೂ ಕಲೀಲಿ ಅಂತ ಗುರು' ಅಂತಾರೆ. ಏನು ಕಲಿಯುತ್ತಾರೆ ಸ್ವಾಮಿ?

ನಾನು ಚಿಕ್ಕವನಿದ್ದಾಗ ನಮ್ಮೂರಿಗೆ ಕರಡಿ ಆಡಿಸುವವನು ಬರುತ್ತಿದ್ದ. ಮೂತಿಗೆ ಹಗ್ಗ. ಎಳೆದರೆ ಕುಣಿಯುತ್ತಿತ್ತು, ನಾವು ಚಪ್ಪಾಳೆ ಹೊಡೆಯುತ್ತಿದ್ದೆವು. ಕರಡಿ ಬಗ್ಗೆ ನಾನು ಕಲಿತದ್ದು ಅಷ್ಟೇ: ಅದು ಕುಣಿಯುತ್ತೆ. ಕಾಡಿನಲ್ಲಿ ಗೆದ್ದಲು ತಿಂದು ಬದುಕುವ ಪ್ರಾಣಿ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಟಿಲಿಕಮ್ ಎಂಬ ಓರ್ಕಾ ತಿಮಿಂಗಿಲವನ್ನು 1983ರಲ್ಲಿ ಐಸ್‌ಲ್ಯಾಂಡ್ ಬಳಿ ಹಿಡಿದಾಗ ಅದಕ್ಕೆ ಸುಮಾರು ಎರಡು ವರ್ಷ. ಆಮೇಲೆ ತೊಟ್ಟಿಯೇ ಅದರ ಸಮುದ್ರ. 2010ರಲ್ಲಿ ಸೀವರ್ಲ್ಡ್‌ನಲ್ಲಿ ತನ್ನ ತರಬೇತುದಾರಳನ್ನೇ ಕೊಂದಿತು. 2017ರಲ್ಲಿ ಅಲ್ಲೇ ಸತ್ತಿತು. ಮರಿ ಮಾಡಿಸುವುದನ್ನು 2016ರಲ್ಲಿ ನಿಲ್ಲಿಸುತ್ತೇವೆ ಎಂದರು, ತೊಟ್ಟಿ ಖಾಲಿ ಮಾಡಲಿಲ್ಲ. ನಮ್ಮ ಕೇಂದ್ರ ಸರ್ಕಾರ 2013ರಲ್ಲೇ ಡಾಲ್ಫಿನ್ ಪ್ರದರ್ಶನಾಲಯ ಬೇಡ ಎಂದಿದೆ. ಇಲ್ಲಿ ಬೇಡವಾದದ್ದು ಅಲ್ಲಿ ಡಾಲರ್ ಕೊಟ್ಟರೆ ಶಿಕ್ಷಣವಾಗುತ್ತಾ?

ಕರಡಿಯವನಿಗೆ ಅದು ಹೊಟ್ಟೆಪಾಡು. ನಮಗೇನು ಬಂದಿದೆ?

ನಾವೂ ಅಲ್ಲಿಗೆ ಹೋಗಿದ್ದಾಗ ಮಗಳು ಹಟ ಹಿಡಿದು ಒಂದು ಸಂಜೆಯೆಲ್ಲ ಅತ್ತಳು. ಕರಡಿ ಕತೆ ಹೇಳಿದೆ. ಸಮಾಧಾನ ಆಗಲಿಲ್ಲ. ಆದರೂ ಟಿಕೆಟ್ ತೆಗೆಸಲಿಲ್ಲ.