ಅವರ ಮಾತು ಅವರೇ ಆಡಲಿ

ಕಾಲೇಜಿನ ಅಡ್ಮಿಷನ್ ಕೌಂಟರ್. 'ಏನಪ್ಪಾ, ಯಾವ ಕಾಂಬಿನೇಷನ್ ಬೇಕು?' ಅಂತ ಗುಮಾಸ್ತರು ಕೇಳಿದ್ದು ಹುಡುಗನನ್ನು. ಉತ್ತರ ಬಂದದ್ದು ಅಮ್ಮನಿಂದ. 'ಅವನಿಗೆ ಕಿವಿ ಸ್ವಲ್ಪ ಮಂದ ಸಾರ್, ನಾನೇ ಹೇಳ್ತೀನಿ.' ಹುಡುಗ ತಲೆ ತಗ್ಗಿಸಿದ.

ಆ ಅಮ್ಮ ನನ್ನ ಗೆಳತಿ. ಹದಿನೇಳು ವರ್ಷ ಮಗನ ಪರವಾಗಿ ಮಾತಾಡಿದವಳು, ತಪ್ಪು ಅನ್ನಲಾರೆ. ಆದರೆ ನಾಳೆ ಲೆಕ್ಚರರ್ ಬೋರ್ಡಿನ ಕಡೆ ತಿರುಗಿಕೊಂಡೇ ಪಾಠ ಮಾಡಿದರೆ, ಎದ್ದು ನಿಂತು ಹೇಳೋರು ಯಾರು?

ಶಾಲೆಯಲ್ಲಿ ಟೀಚರ್‌ಗೆ ನಿಮ್ಮ ಮಗುವಿನ ಕಷ್ಟ ಗೊತ್ತಿರುತ್ತೆ. ಕಾಲೇಜಿನಲ್ಲಿ ವಿಷಯಕ್ಕೊಬ್ಬರು ಉಪನ್ಯಾಸಕರು, ಕ್ಲಾಸಿನ ತುಂಬ ಮಕ್ಕಳು. ಕೇಳದಿದ್ದರೆ ಗೊತ್ತಾಗೋದೇ ಇಲ್ಲ.

ಕೇಳುವುದು ಭಿಕ್ಷೆಯಲ್ಲ, ಹಕ್ಕು. ಮೊದಲು ಇದನ್ನು ಮಕ್ಕಳಿಗೆ ತಿಳಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಕಲಿಕಾ ನ್ಯೂನತೆಯೂ ಅದರಲ್ಲಿ ಸೇರಿದೆ. ಶೇ 40 ಅಥವಾ ಹೆಚ್ಚು ವೈಕಲ್ಯದ ಪ್ರಮಾಣಪತ್ರ ಇರುವವರಿಗೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ 5 ಸೀಟು ಮೀಸಲು. ಬರೆಯಲು ತೊಂದರೆ ಇರುವವರಿಗೆ ಉತ್ತರ ಬರೆದುಕೊಡುವ ಸಹಾಯಕರನ್ನೂ, ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯವನ್ನೂ ಕೊಡಬೇಕೆಂದು ಕೇಂದ್ರದ 2018ರ ಮಾರ್ಗಸೂಚಿ ಹೇಳಿತು. ಪರೀಕ್ಷೆಯ ಹಿಂದಿನ ದಿನ ಓಡಾಡಬೇಡಿ, ವರ್ಷದ ಆರಂಭದಲ್ಲೇ ಅರ್ಜಿ ಕೊಡಿಸಿ.

ಅಭ್ಯಾಸ ಮಾತ್ರ ಮನೆಯಿಂದಲೇ ಶುರುವಾಗಲಿ. ಡಾಕ್ಟರ ಹತ್ತಿರ ಹೋದಾಗ ನೀವು ಸುಮ್ಮನಿರಿ, ಅವರೇ ಹೇಳಲಿ. ಬ್ಯಾಂಕಿನ ಚಲನ್ ಅವರೇ ತುಂಬಲಿ. ಪ್ರಮಾಣಪತ್ರ, ಯುಡಿಐಡಿ ಕಾರ್ಡು, ಅಂಕಪಟ್ಟಿಗಳ ಫೈಲು ಅವರ ಕೈಯಲ್ಲೇ ಇರಲಿ. ಅರ್ಜಿಯನ್ನು ಅವರೇ ಬರೆಯಲಿ ಅಥವಾ ಹೇಳಿ ಬರೆಸಲಿ. ಜೆರಾಕ್ಸ್ ಪ್ರತಿಗೆ ಆಫೀಸಿನ ಮೊಹರು ಹಾಕಿಸಿಕೊಳ್ಳೋದನ್ನು ಕಲಿಸಿ. ಎರಡು ಮಾತು ಸಾಕು: ನನಗೇನು ಕಷ್ಟ, ಏನು ಮಾಡಿದರೆ ಅನುಕೂಲ. ಕಾಯಿಲೆಯ ಕತೆಯನ್ನೆಲ್ಲ ಹೇಳಬೇಕಿಲ್ಲ. ಒಮ್ಮೆ ನೀವೇ ಸಿಡುಕಿನ ಪ್ರಿನ್ಸಿಪಾಲರಾಗಿ ಕೂತು, 'ಆಗಲ್ಲ ಹೋಗಮ್ಮ' ಅನ್ನಿ. ಆಗ ಏನು ಹೇಳ್ತಾರೆ ನೋಡಿ! ತಡವರಿಸಿದರೆ ನಗಬೇಡಿ, ಬಾಯಿ ಹಾಕಲೂ ಬೇಡಿ. ಕಷ್ಟ ಇರೋದು ಅಲ್ಲೇ.

ನನ್ನ ಗೆಳತಿಗೂ ಕಷ್ಟವಾಯ್ತು. ಮೊನ್ನೆ ಮಗ ಒಬ್ಬನೇ ಸ್ಟಾಫ್ ರೂಮಿಗೆ ಹೋಗಿ, 'ಸಾರ್, ನನ್ನ ಕಡೆ ಮುಖ ಮಾಡಿ ಮಾತಾಡಿದ್ರೆ ನಂಗೆ ಅರ್ಥ ಆಗುತ್ತೆ' ಅಂದನಂತೆ. ಇವಳು ಹೊರಗೆ, ಬಾಯಿಗೆ ಸೆರಗು ಅಡ್ಡ ಹಿಡ್ಕೊಂಡು ನಿಂತಿದ್ದಳಂತೆ. ಮಾತು ಎಲ್ಲಿ ತಪ್ಪಿ ಬಂದುಬಿಡುತ್ತೋ ಅಂತ!